163 ಅರ್ಜಿ, 5 ಫೋನು: ಒಂದು ಕೆಲಸದ ಹುಡುಕಾಟದ ಪ್ರಕರಣ ಅಧ್ಯಯನ

ಕೆಲಸ ಹೋಗಿ ನಾಲ್ಕು ತಿಂಗಳಾದ ಮೇಲೆ ನನ್ನ ಚಿಕ್ಕಮ್ಮನ ಮಗ ನನಗೊಂದು ಎಕ್ಸೆಲ್ ಶೀಟ್ ಕಳಿಸಿದ. ಜೊತೆಗೆ ಒಂದೇ ಸಾಲು. “ಅಕ್ಕಾ, ನಾನು ಎಲ್ಲಿ ತಪ್ಪು ಮಾಡ್ತಿದೀನಿ ನೋಡಿ ಹೇಳು.”

ಶೀಟಿನಲ್ಲಿ 163 ಸಾಲುಗಳಿದ್ದವು. ಒಂದು ಸಾಲಿಗೆ ಒಂದು ಅರ್ಜಿ. ಕಂಪನಿ, ಹುದ್ದೆ, ಕಳಿಸಿದ ದಿನ, ಬಂದ ಉತ್ತರ. ಮೊದಲ ಮೂರು ಕಾಲಂ ತುಂಬಿದ್ದವು. ನಾಲ್ಕನೆಯದು ಹೆಚ್ಚುಕಡಿಮೆ ಖಾಲಿ. ಲೆಕ್ಕದ ಮನುಷ್ಯ, ಹಾಗಾಗಿ ಶೀಟು ಬಹಳ ಚೊಕ್ಕ. ಕೊನೆಯಲ್ಲಿ ಮೊತ್ತವನ್ನೂ ಹಾಕಿದ್ದ. ಫೋನು 5. ಸಂದರ್ಶನ 1. ಕೆಲಸ 0.

ನಾನು 11 ವರ್ಷ ಎಚ್‌ಆರ್ ವಿಭಾಗದಲ್ಲಿದ್ದವಳು. ದಿನಾ ರೆಸ್ಯೂಮೆ ಓದುವುದೇ ಕೆಲಸ. ಆದರೆ ಹುಡುಕುವವರ ಮನೆಯಲ್ಲಿ ಕೂತು, ಅವರ ದಿನ ಹೇಗಿರುತ್ತೆ ಅಂತ ನೋಡಿದ್ದು ಇದೇ ಮೊದಲು. ಅವನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. “ಹೆಸರು ಮಾತ್ರ ಬೇಡ, ನಂಬರ್ ಎಲ್ಲಾ ಹಾಕು” ಅಂದ. ಇಲ್ಲಿ ಅವನನ್ನು ತಮ್ಮ ಅಂತಲೇ ಕರೆಯುತ್ತೇನೆ.

ಏನಾಗಿತ್ತು

ತಮ್ಮನಿಗೆ 36 ವರ್ಷ. ವಾಹನಗಳ ಬಿಡಿಭಾಗ ಇಡುವ ಗೋದಾಮಿನಲ್ಲಿ ಒಂಬತ್ತು ವರ್ಷ ದಾಸ್ತಾನಿನ ಲೆಕ್ಕ ನೋಡಿಕೊಂಡಿದ್ದ. ಕಂಪನಿ ತನ್ನ ಎರಡು ಗೋದಾಮುಗಳನ್ನು ಸೇರಿಸಿ ಒಂದು ಮಾಡಿತು. ಮುಚ್ಚಿದ್ದು ಇವನಿದ್ದದ್ದು. ಇವನ ಜೊತೆ ಇನ್ನೂ 14 ಜನ ಹೊರಗೆ ಬಂದರು. ಮೂರು ವಾರ ಮೊದಲಷ್ಟೇ ಮ್ಯಾನೇಜರ್ ಕರೆದು “ನಿನಗೇನೂ ತೊಂದರೆ ಇಲ್ಲ” ಅಂದಿದ್ದರಂತೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ದೊಡ್ಡ ತೊಡಕಾಗುತ್ತದೆ.

ಮೊದಲ ತಿಂಗಳು ಅವನು ಗಾಬರಿಯಾಗಲಿಲ್ಲ. ಎರಡನೇ ತಿಂಗಳು ಗುರಿ ಇಟ್ಟುಕೊಂಡ, ದಿನಕ್ಕೆ ಮೂರು ಅರ್ಜಿ. ಮೂರನೇ ತಿಂಗಳಲ್ಲಿ ಆ ಗುರಿಯನ್ನೂ ದಾಟಿದ. ನಾಲ್ಕನೇ ತಿಂಗಳಿಗೆ ಹಾಸಿಗೆ ಬಿಟ್ಟು ಏಳುವುದೇ ಹತ್ತು ಗಂಟೆಗೆ. ಮನೆಯವರು, ಗೆಳೆಯರು ಎಲ್ಲರೂ ಹೇಳಿದ್ದು ಒಂದೇ. ಧೈರ್ಯ ಕಳ್ಕೋಬೇಡ, ಪ್ರಯತ್ನ ಬಿಡಬೇಡ, ಒಳ್ಳೇದು ಯೋಚನೆ ಮಾಡು. ಯಾರಾದರೂ “ಏನಾಯ್ತು?” ಅಂದರೆ ಅವನ ಬಾಯಲ್ಲಿ ಬರುತ್ತಿದ್ದದ್ದೂ ಒಂದೇ ಉತ್ತರ. “ಇನ್ನೂ ನೋಡ್ತಾ ಇದೀನಿ.” ಆಮೇಲೆ ಆ ಪ್ರಶ್ನೆ ಕೇಳುವವರ ಫೋನನ್ನೇ ಎತ್ತುವುದು ಬಿಟ್ಟ.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಅವನಲ್ಲಿ ಹುರುಪು ಕಡಿಮೆಯಾಗಿತ್ತು, ನಿಜ. ಆದರೆ 163 ಸಲ ಬಾಗಿಲು ತಟ್ಟಿದ ಮೇಲೆ 158 ಕಡೆ ಒಳಗಿಂದ ಸದ್ದೇ ಇಲ್ಲ ಅಂದರೆ ಯಾರ ಕೈಯಾದರೂ ಸೋಲುತ್ತೆ. ಬೇಡ ಅಂತಲಾದರೂ ಹೇಳಿದರೆ ಏನೋ ಒಂದು ಗೊತ್ತಾಗುತ್ತೆ. ಮೌನದಿಂದ ಏನೂ ಕಲಿಯಲಾಗಲ್ಲ. ಹಾಗಾಗಿ ಮೊದಲು ಅವನ ಮನಸ್ಸನ್ನು ರಿಪೇರಿ ಮಾಡಲು ಹೋಗಬಾರದು, ಹುಡುಕುವ ರೀತಿಯನ್ನು ನೋಡೋಣ ಅಂತ ತೀರ್ಮಾನಿಸಿದೆ. ಅದು ಪೂರ್ತಿ ಸರಿಯಾಗಿರಲಿಲ್ಲ, ಆ ವಿಷಯ ಮುಂದೆ ಬರುತ್ತೆ.

ಸಾಲುಗಳಿಗೆ ಬಣ್ಣ ಹಚ್ಚಿದೆವು

ಒಂದು ಭಾನುವಾರ ಇಬ್ಬರೂ ಆ ಶೀಟು ತೆರೆದು ಕೂತೆವು. ಒಂದೊಂದೇ ಸಾಲಿಗೆ ನಾನು ಕೇಳುತ್ತಿದ್ದೆ. “ಇದು ನಾಳೆ ಬೆಳಿಗ್ಗೆ ಹೋಗಿ ಮಾಡೋಕೆ ಬರುತ್ತಾ?” ಹೌದು ಅಂದರೆ ಹಸಿರು. ಸ್ವಲ್ಪ ಕಲಿತರೆ ಬರುತ್ತೆ ಅಂದರೆ ಹಳದಿ. ಸುಮ್ಮನಿದ್ದರೆ ಕೆಂಪು.

ಹಸಿರು 41. ಹಳದಿ 58. ಕೆಂಪು 64.

ಅವನೇ ಶೀಟು ನೋಡಿ ಬೆಚ್ಚಿದ. ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಕೆಂಪು. ಆಸ್ಪತ್ರೆಯ ಆಡಳಿತಾಧಿಕಾರಿ, ಸಾಫ್ಟ್‌ವೇರ್ ಪ್ರಾಜೆಕ್ಟ್ ಮ್ಯಾನೇಜರ್, ಎಲ್ಲಾ ಇದ್ದವು. ಯಾಕೆ ಹಾಕಿದೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಹೇಳಿದ. “ರಾತ್ರಿ ನಿದ್ದೆ ಬರ್ತಿರ್ಲಿಲ್ಲ ಅಕ್ಕಾ. ಸುಮ್ನೆ ಅಪ್ಲೈ ಒತ್ತುತ್ತಾ ಕೂರ್ತಿದ್ದೆ. ಒತ್ತಿದ್ರೆ ಏನೋ ಮಾಡಿದೆ ಅನ್ಸೋದು.”

ಇನ್ನೊಂದು ವಿಷಯ ಸಿಕ್ಕಿತು. ಬಂದ 5 ಫೋನಿನಲ್ಲಿ 4 ಹಸಿರು ಸಾಲಿನಿಂದ, 1 ಹಳದಿಯಿಂದ. ಕೆಂಪಿನಿಂದ ಸೊನ್ನೆ. ಅಂದರೆ 163ಕ್ಕೆ 5 ಅಂತ ನೋಡಿದರೆ ನೂರಕ್ಕೆ ಮೂರು. ಹಸಿರನ್ನು ಮಾತ್ರ ನೋಡಿದರೆ 41ಕ್ಕೆ 4, ಹತ್ತಕ್ಕೆ ಒಂದು. ಇದು ಚಿಕ್ಕ ಲೆಕ್ಕ, ಇದರಿಂದ ದೊಡ್ಡ ತೀರ್ಮಾನ ಮಾಡಬಾರದು ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಆದರೂ ತನ್ನನ್ನು ಯಾರಿಗೂ ಬೇಡ ಅಂದುಕೊಂಡಿದ್ದವನಿಗೆ, ತನ್ನ ಕೆಲಸ ಗೊತ್ತಿರುವ ಕಡೆಯಿಂದ ಹತ್ತಕ್ಕೊಂದು ಫೋನು ಬಂದಿದೆ ಅನ್ನುವುದು ಸಣ್ಣ ವಿಷಯವಲ್ಲ. ಆ ದಿನ ಅವನ ಮುಖ ಸ್ವಲ್ಪ ತಿಳಿಯಾಗಿದ್ದನ್ನು ನಾನು ನೋಡಿದೆ. ನಾಲ್ಕು ತಿಂಗಳು ಎಲ್ಲರೂ ಹೇಳಿದ ಧೈರ್ಯದ ಮಾತು ಮಾಡದ ಕೆಲಸವನ್ನು ಮೂರು ಬಣ್ಣ ಮಾಡಿತು.

ಶೀಟು ಇನ್ನೊಂದನ್ನೂ ಹೇಳಿತು. ಕೆಲಸದ ಹುಡುಕಾಟ ಒಂದು ಪೈಪಿನ ಹಾಗೆ. ನೀರು ಬರುತ್ತಿಲ್ಲ ಅಂತ ಮೋಟಾರ್ ಜಾಸ್ತಿ ಹೊತ್ತು ಓಡಿಸಿದರೆ ಆಗಲ್ಲ, ಎಲ್ಲಿ ಸೋರುತ್ತಿದೆ ಅಂತ ನೋಡಬೇಕು. ಅರ್ಜಿ ಹಾಕಿದರೂ ಫೋನೇ ಬರಲ್ಲ ಅಂದರೆ ತಪ್ಪು ರೆಸ್ಯೂಮೆಯಲ್ಲಿ, ಇಲ್ಲವೇ ಆರಿಸುವ ಹುದ್ದೆಯಲ್ಲಿ. ಫೋನು ಬಂದು ಅಲ್ಲಿಗೇ ನಿಂತರೆ ತಪ್ಪು ಮಾತಿನಲ್ಲಿ. ಸಂದರ್ಶನದ ತನಕ ಹೋಗಿ ಪ್ರತಿ ಸಲ ಎರಡನೆಯವನಾಗಿ ಉಳಿದರೆ ಅದು ಬೇರೆಯೇ ವಿಷಯ, ಕೆಲವೊಮ್ಮೆ ಬರೀ ಅದೃಷ್ಟ. ತಮ್ಮನ ಪೈಪು ಎರಡು ಕಡೆ ಸೋರುತ್ತಿತ್ತು. ಅರ್ಜಿಯಿಂದ ಫೋನಿಗೆ ಹೋಗುವಲ್ಲಿ ಒಂದು, ಫೋನಿನಿಂದ ಸಂದರ್ಶನಕ್ಕೆ ಹೋಗುವಲ್ಲಿ ಇನ್ನೊಂದು.

ರೆಸ್ಯೂಮೆ

ಅವನ ರೆಸ್ಯೂಮೆ ನೋಡಲು ಚಂದ ಇತ್ತು. ಎರಡು ಕಾಲಂ, ಎಡಕ್ಕೆ ನೀಲಿ ಪಟ್ಟಿ, ಕೌಶಲಗಳ ಪಕ್ಕ ಚುಕ್ಕಿಗಳು. ಯಾವುದೋ ರೆಡಿಮೇಡ್ ಟೆಂಪ್ಲೇಟು. ಆ ಪಿಡಿಎಫ್ ತೆರೆದು, ಎಲ್ಲಾ ಸೆಲೆಕ್ಟ್ ಮಾಡಿ, ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಅಂಟಿಸು ಅಂದೆ. ಅಂಟಿಸಿದ. ಮೊದಲ ಸಾಲಿನಲ್ಲಿ ಅವನ ಹವ್ಯಾಸ ಬಂತು. ಹೆಸರು ಎಲ್ಲೋ ಕೊನೆಯಲ್ಲಿ. ಕೆಲಸ ಮಾಡಿದ ವರ್ಷಗಳು ಒಂದು ಕಡೆ, ಕಂಪನಿಯ ಹೆಸರು ಇನ್ನೊಂದು ಕಡೆ.

ಜಾಸ್ತಿ ಅರ್ಜಿ ಬರುವ ಕಡೆ ರೆಸ್ಯೂಮೆಗಳನ್ನು ಮೊದಲು ಒಂದು ಸಾಫ್ಟ್‌ವೇರ್ ಓದಿ ವಿವರಗಳನ್ನು ಬೇರೆ ಬೇರೆ ಮಾಡಿ ಇಡುತ್ತದೆ. ಅದು ರಾಕ್ಷಸ ಅಲ್ಲ. ಎಲ್ಲವನ್ನೂ ತಾನೇ ಕಸಕ್ಕೆ ಹಾಕುತ್ತೆ ಅನ್ನುವ ಮಾತು ಬಹಳ ಓಡಾಡುತ್ತೆ, ನಾನು ಕೆಲಸ ಮಾಡಿದ ಕಡೆ ಹಾಗಿರಲಿಲ್ಲ. ಕೊನೆಗೆ ನೋಡುತ್ತಿದ್ದದ್ದು ನಾನೇ. ಆದರೆ ನಾನು ‘ದಾಸ್ತಾನು’, ‘ಐದು ವರ್ಷ’ ಅಂತ ಹುಡುಕಿದಾಗ ಆ ಸಾಫ್ಟ್‌ವೇರಿಗೆ ಅದು ಸಿಗಬೇಕಲ್ವಾ? ನೋಟ್‌ಪ್ಯಾಡಿನಲ್ಲಿ ಓದಲು ಬಾರದ ರೆಸ್ಯೂಮೆ ಅಲ್ಲಿಯೂ ಕಷ್ಟ. ಆ ನೀಲಿ ಪಟ್ಟಿ ಹೋಯಿತು. ಒಂದೇ ಕಾಲಂ, ಸಾದಾ ಅಕ್ಷರ.

ಇದು ಹತ್ತು ನಿಮಿಷದ ಕೆಲಸ. ಒಳಗಿನ ಮಾತುಗಳಿಗೆ ಮೂರು ಸಂಜೆ ಹಿಡಿಯಿತು.

ಅವನು ಬರೆದಿದ್ದು ಹೀಗೆ: “ದಾಸ್ತಾನು ನಿರ್ವಹಣೆ ಹಾಗೂ ಸಂಬಂಧಿತ ಚಟುವಟಿಕೆಗಳ ಜವಾಬ್ದಾರಿ.” ಗೋದಾಮಿನಲ್ಲಿ ಇರುವ ಯಾರು ಬೇಕಾದರೂ ಇದನ್ನು ಬರೆಯಬಹುದು. ಅಲ್ಲಿ ನಿಜವಾಗಿ ಏನು ಮಾಡುತ್ತಿದ್ದೆ ಹೇಳು ಅಂದೆ. ಮೊದಲು “ಅದೇ, ಸ್ಟಾಕ್ ನೋಡೋದು” ಅಂದ. ಆಮೇಲೆ ನಿಧಾನವಾಗಿ ಬಾಯಿ ಬಿಟ್ಟ. ಮೊದಲೆಲ್ಲ ವರ್ಷಕ್ಕೊಮ್ಮೆ ಗೋದಾಮು ಎರಡು ದಿನ ಮುಚ್ಚಿ ಎಲ್ಲವನ್ನೂ ಎಣಿಸುತ್ತಿದ್ದರು. ಇವನು ಅದನ್ನು ಬದಲಿಸಿ ದಿನಕ್ಕೆ ಕೆಲವು ಬಗೆಯ ವಸ್ತು ಮಾತ್ರ ಎಣಿಸುವುದು ಶುರು ಮಾಡಿದ್ದ. ಜಾಸ್ತಿ ಓಡಾಡುವ ವಸ್ತು ತಿಂಗಳಿಗೊಮ್ಮೆ, ಅಪರೂಪಕ್ಕೆ ಹೋಗುವುದು ಆರು ತಿಂಗಳಿಗೊಮ್ಮೆ. ಎರಡು ವರ್ಷದಲ್ಲಿ ಕಂಪ್ಯೂಟರಿನ ಲೆಕ್ಕಕ್ಕೂ ಕಪಾಟಿನಲ್ಲಿ ಇರುವುದಕ್ಕೂ ಇದ್ದ ವ್ಯತ್ಯಾಸ ನೂರಕ್ಕೆ ನಾಲ್ಕರಿಂದ ಒಂದಕ್ಕೆ ಇಳಿದಿತ್ತು. ಗೋದಾಮು ಮುಚ್ಚುವುದೂ ನಿಂತಿತ್ತು.

“ಇದನ್ನ ಯಾಕೋ ಬರೆದಿಲ್ಲ?”

“ಅದು ನಾನೊಬ್ನೇ ಮಾಡಿದ್ದಲ್ಲ ಅಕ್ಕಾ. ನಮ್ಮ ಕಡೆ ಮೂರು ಜನ ಇದ್ವಿ.”

ಇದು ಒಳ್ಳೆಯವರಿಗೆ ಬರುವ ಕಾಯಿಲೆ. ನಾನು ಓದಿದ ಎಷ್ಟೋ ರೆಸ್ಯೂಮೆಗಳಲ್ಲಿ ಕೆಲಸ ಬಾರದವರು ಎಲ್ಲವನ್ನೂ ತಾವೇ ಮಾಡಿದ್ದು ಅಂದಿರುತ್ತಾರೆ, ಬರುವವರು ‘ಸಂಬಂಧಿತ ಚಟುವಟಿಕೆ’ ಅಂತ ಬರೆದು ಮುಗಿಸುತ್ತಾರೆ. ಕೊನೆಗೆ ಸಾಲು ಹೀಗಾಯಿತು: “6,000 ಬಗೆಯ ಬಿಡಿಭಾಗಗಳ ದಾಸ್ತಾನು. ಮೂವರ ತಂಡದಲ್ಲಿ ದಿನವಹಿ ಎಣಿಕೆ ಶುರು ಮಾಡಿ, ಲೆಕ್ಕದ ವ್ಯತ್ಯಾಸವನ್ನು ಎರಡು ವರ್ಷದಲ್ಲಿ ಶೇ. 4ರಿಂದ ಶೇ. 1ಕ್ಕೆ ಇಳಿಸಿದೆವು.” ‘ಇಳಿಸಿದೆವು’ ಅಂತಲೇ ಇರಲಿ ಅಂದ. ಇರಲಿ ಅಂದೆ.

ಹುಡುಕುವ ಹೆಸರಿನಲ್ಲೂ ಎಡವಟ್ಟಿತ್ತು. ಅವನ ಹಳೇ ಕಂಪನಿಯಲ್ಲಿ ಆ ಹುದ್ದೆಗೆ ‘ಸ್ಟಾಕ್ ಕಂಟ್ರೋಲರ್’ ಅನ್ನುತ್ತಿದ್ದರು, ಇವನು ಅದೊಂದನ್ನೇ ಟೈಪ್ ಮಾಡುತ್ತಿದ್ದ. ಅದೇ ಕೆಲಸವನ್ನು ಬೇರೆ ಕಡೆ ‘ಇನ್ವೆಂಟರಿ ಅನಲಿಸ್ಟ್’, ‘ಸ್ಟೋರ್ಸ್ ಎಕ್ಸಿಕ್ಯೂಟಿವ್’, ‘ವೇರ್‌ಹೌಸ್ ಸೂಪರ್‌ವೈಸರ್’ ಅಂತೆಲ್ಲ ಕರೆಯುತ್ತಾರೆ. ಹತ್ತು ಜಾಹೀರಾತು ಒಟ್ಟಿಗೆ ಇಟ್ಟುಕೊಂಡು ಒಳಗಿನ ಕೆಲಸದ ವಿವರ ಓದಿದ ಮೇಲೆ ಅವನಿಗೇ ಗೊತ್ತಾಯಿತು. ಹಸಿರು ಸಾಲುಗಳು ಹೆಚ್ಚಾದವು.

ಜನ

ಇಲ್ಲಿ ನನ್ನದೊಂದು ತಪ್ಪು. “ಗೊತ್ತಿರೋರಿಗೆಲ್ಲ ಹೇಳಿಡು” ಅಂದಿದ್ದೆ. ಅವನು ಶಿಸ್ತಿನ ಹುಡುಗ, ಒಂದೇ ಮೆಸೇಜನ್ನು 30 ಜನಕ್ಕೆ ಕಳಿಸಿದ. ‘ನನಗೆ ಕೆಲಸ ಬೇಕಾಗಿದೆ, ನಿಮ್ಮ ಕಡೆ ಏನಾದರೂ ಇದ್ದರೆ ತಿಳಿಸಿ.’ ಬಂದದ್ದು ಹೆಬ್ಬೆರಳಿನ ಚಿತ್ರಗಳು, ಮೂರು ‘ಖಂಡಿತ’ಗಳು. ಆಮೇಲೆ ಮತ್ತೆ ಮೌನ. ನೋಡಿ, ಆ ಮೆಸೇಜ್ ಓದಿದವರಿಗೆ ಏನು ಮಾಡಬೇಕು ಅಂತಲೇ ಗೊತ್ತಾಗಲ್ಲ. ಅವರ ಹತ್ತಿರ ಕೊಡಲು ಕೆಲಸ ಇಲ್ಲ, ಹಾಗಾಗಿ ಹೆಬ್ಬೆರಳು ತೋರಿಸಿ ಮುಂದೆ ಹೋಗುತ್ತಾರೆ.

ಅಷ್ಟರಲ್ಲಿ ನನಗೆ ಹಳೆಯದೊಂದು ಅಧ್ಯಯನ ನೆನಪಾಯಿತು. ಮಾರ್ಕ್ ಗ್ರಾನೊವೆಟರ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲಿ ಪ್ರಕಟಿಸಿದ್ದು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ಕೇಳಿದ್ದು ಸರಳ ಪ್ರಶ್ನೆ. ಆ ಪರಿಚಯದವರನ್ನು ನೀವು ಆಗ ಎಷ್ಟು ಸಲ ನೋಡುತ್ತಿದ್ದಿರಿ? ವಾರಕ್ಕೆ ಎರಡು ಸಲವಾದರೂ ಅಂದವರು ನೂರಕ್ಕೆ 17ರಷ್ಟು ಮಾತ್ರ. ಆಗೊಮ್ಮೆ ಈಗೊಮ್ಮೆ ಅಂದವರು ಅರ್ಧಕ್ಕಿಂತ ಜಾಸ್ತಿ. ಉಳಿದವರು ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆ ಅಂದರು. ಅದು ಕೆಲವೇ ಜನರ ಲೆಕ್ಕ. ಆದರೆ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಇದೇ ದಿಕ್ಕಿನ ಫಲಿತಾಂಶ ಬಂತು. ತೀರಾ ಹತ್ತಿರದವರೂ ಅಲ್ಲ, ತೀರಾ ದೂರದವರೂ ಅಲ್ಲ, ನಡುವಿನ ಪರಿಚಯದವರೇ ಕೆಲಸ ಬದಲಿಸಲು ಜಾಸ್ತಿ ನೆರವಾದರು. ಕಾರಣ ಊಹಿಸುವುದು ಕಷ್ಟವಲ್ಲ. ಹತ್ತಿರದವರಿಗೆ ಗೊತ್ತಿರುವ ಸುದ್ದಿ ನಮಗೂ ಗೊತ್ತಿರುತ್ತೆ. ಸ್ವಲ್ಪ ದೂರದವರು ಬೇರೆ ಜನರ ನಡುವೆ ಓಡಾಡುತ್ತಾರೆ, ಬೇರೆ ಸುದ್ದಿ ಕೇಳುತ್ತಾರೆ.

ತಮ್ಮ 30 ಜನಕ್ಕೆ ಕಳಿಸಿದ್ದ ಅಂದೆನಲ್ಲ, ಆ ಪಟ್ಟಿಯಲ್ಲಿ ಇದ್ದವರೆಲ್ಲ ನೆಂಟರು, ಕಾಲೇಜಿನ ಗೆಳೆಯರು, ಜೊತೆಗೇ ಕೆಲಸ ಹೋದವರು. “ಒಂಬತ್ತು ವರ್ಷದಲ್ಲಿ ಕೆಲಸದ ಮೇಲೆ ದಿನಾ ಫೋನಲ್ಲಿ ಮಾತಾಡಿದವರು ಯಾರ್ಯಾರು?” ಅಂದೆ. ಅವನು ಮೊಬೈಲ್ ತೆಗೆದು ಹಳೇ ಕಾಂಟ್ಯಾಕ್ಟ್ ತೋರಿಸಿದ. ಹೆಸರಿನ ಮುಂದೆ ‘ಲಾರಿ’, ‘ಪ್ಯಾಕಿಂಗ್’, ‘ಬಾರ್‌ಕೋಡ್’ ಅಂತ ಬರೆದುಕೊಂಡ 22 ಜನ. ಸಾಗಣೆ ಕಂಪನಿಯವರು, ಪೆಟ್ಟಿಗೆ ಸರಬರಾಜು ಮಾಡುವವರು, ಸ್ಕ್ಯಾನರ್ ರಿಪೇರಿಯವರು. “ಇವ್ರಿಗೆ ಹೇಗೆ ಕೇಳೋದು, ಅಷ್ಟು ಪರಿಚಯ ಇಲ್ಲ” ಅಂದ. ಅಷ್ಟು ಪರಿಚಯ ಇಲ್ಲದಿರುವುದೇ ಬೇಕಾದದ್ದು ಅಂದೆ.

ಮೆಸೇಜನ್ನೂ ಬದಲಿಸಿದೆವು. ಕೆಲಸ ಕೇಳುವುದಲ್ಲ, ಅವರಿಗೆ ಉತ್ತರ ಗೊತ್ತಿರುವ ಒಂದು ಪ್ರಶ್ನೆ ಕೇಳುವುದು. ಲಾರಿ ಸಾಗಣೆಯವರೊಬ್ಬರಿಗೆ ಅವನು ಬರೆದದ್ದು ಇದು.

“ನಮಸ್ಕಾರ ಸರ್. ಬಿಡಿಭಾಗದ ಗೋದಾಮಿನಲ್ಲಿ ಇದ್ದವನು ನಾನು, ಅನ್‌ಲೋಡಿಂಗ್ ಟೈಮಿಂಗ್ ಬಗ್ಗೆ ದಿನಾ ಮಾತಾಡ್ತಿದ್ವಿ. ಆ ಗೋದಾಮು ಮುಚ್ಚಿತು. ಈಗ ಅದೇ ಕೆಲಸ ಬೇರೆ ಕಡೆ ನೋಡ್ತಿದೀನಿ. ನೀವು ಎಷ್ಟೋ ಗೋದಾಮು ನೋಡ್ತೀರಿ. ಯಾವ ಕಡೆ ಸ್ಟಾಕ್ ಲೆಕ್ಕ ಸಿಗದೆ ನಿಮ್ಮ ಲಾರಿಗಳನ್ನ ಕಾಯಿಸ್ತಾರೆ? ಹತ್ತು ನಿಮಿಷ ಮಾತಾಡೋಕೆ ಆಗುತ್ತಾ?”

22 ಜನರಲ್ಲಿ 13 ಜನ ಉತ್ತರ ಕೊಟ್ಟರು. 9 ಜನ ಫೋನಿನಲ್ಲಿ ಮಾತಾಡಿದರು. ಎಲ್ಲರೂ ಕೆಲಸ ಕೊಡಲಿಲ್ಲ, ಆದರೆ ಮಾತಾಡಿದರು. ಆ ವಾರದಿಂದ ಶೀಟಿನ ಲೆಕ್ಕವೇ ಬದಲಾಯಿತು. ‘ಕಳಿಸಿದ ಅರ್ಜಿ’ ಹೋಗಿ ‘ಮಾತಾಡಿದ ಜನ’ ಬಂತು. ವಾರಕ್ಕೆ ಹಸಿರು ಅರ್ಜಿ ಆರು, ಮಾತು ನಾಲ್ಕು. ಅಷ್ಟೇ ಗುರಿ. ರಾತ್ರಿ ಎಂಟರ ನಂತರ ಅಪ್ಲೈ ಒತ್ತುವಂತಿಲ್ಲ.

ಈ ನಡುವೆ ಒಂದು ಮೋಸದ ಕರೆಯೂ ಬಂತು. ಕೆಲಸ ಖಾತ್ರಿ, ಕಾಗದಪತ್ರ ಪರಿಶೀಲನೆಗೆ ಸ್ವಲ್ಪ ಹಣ ಕಟ್ಟಿ ಅಂದರು. ನಾಲ್ಕು ತಿಂಗಳು ಕಾದವನಿಗೆ ಇಂಥ ಮಾತು ಸಿಹಿಯಾಗಿಯೇ ಕೇಳುತ್ತೆ. ಅವನು ಕಟ್ಟಲಿಲ್ಲ, ಆದರೆ ಒಂದು ಸಂಜೆ ಪೂರ್ತಿ ಯೋಚಿಸಿದ. ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ತೆಗೆದುಕೊಳ್ಳಬಾರದು ಅನ್ನುವುದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ ಒಪ್ಪಂದದ ಮುಖ್ಯ ನಿಯಮ, ಕೆಲವು ವಿನಾಯಿತಿಗಳಿವೆ ಅಷ್ಟೆ. ಸಂಬಳ ಕೊಡಬೇಕಾದವರು ಮೊದಲೇ ನಮ್ಮಿಂದ ಹಣ ಕೇಳಿದರೆ ಫೋನು ಇಟ್ಟುಬಿಡುವುದೇ ಸರಿ.

ನಾಲ್ಕು ನಿಮಿಷದ ಉತ್ತರ

ಹೊಸ ರೆಸ್ಯೂಮೆಗೆ ಮೂರು ವಾರದಲ್ಲಿ ಮೂರು ಫೋನು ಬಂದವು. ಖುಷಿಪಟ್ಟೆವು. ಮೂರೂ ಅಲ್ಲಿಗೇ ನಿಂತವು. ಎರಡನೇ ಸೋರಿಕೆ ಹಾಗೇ ಇತ್ತು.

ನಾನು ಸಂದರ್ಶಕಿಯ ಹಾಗೆ ಕೂತೆ. ಮೊಬೈಲಿನಲ್ಲಿ ರೆಕಾರ್ಡಿಂಗ್ ಇಟ್ಟೆ. “ಹಿಂದಿನ ಕೆಲಸ ಯಾಕೆ ಬಿಟ್ರಿ?”

ಅವನು ಶುರು ಮಾಡಿದ. ಗೋದಾಮು ಮುಚ್ಚಿದ್ದು, ಯಾವ ಗೋದಾಮು ಉಳಿಸಬೇಕು ಅಂತ ತೀರ್ಮಾನ ಆದದ್ದು, ಅದರಲ್ಲಿ ಯಾರ ಕೈ ಇತ್ತು, ಮ್ಯಾನೇಜರ್ “ನಿನಗೇನೂ ತೊಂದರೆ ಇಲ್ಲ” ಅಂದದ್ದು, ಅದಾಗಿ ಮೂರೇ ವಾರಕ್ಕೆ ಪತ್ರ ಕೊಟ್ಟದ್ದು. ಮಾತಾಡುತ್ತಾ ಕುತ್ತಿಗೆ ಕೆಂಪಾಯಿತು. ರೆಕಾರ್ಡಿಂಗ್ ನೋಡಿದರೆ 4 ನಿಮಿಷ 10 ಸೆಕೆಂಡ್. ಅವನಿಗೆ ಒಂದು ನಿಮಿಷ ಅನ್ನಿಸಿತ್ತಂತೆ. ಕೇಳಿಸಿಕೊಂಡ ಮೇಲೆ ತಲೆ ತಗ್ಗಿಸಿ ಕೂತ.

ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅವನಿಗೆ ಅನ್ಯಾಯ ಆಗಿತ್ತು ಅಂತ ನನಗೂ ಅನ್ನಿಸುತ್ತೆ. ಆದರೆ ಫೋನಿನ ಆಚೆ ಇರುವವರಿಗೆ ಕೇಳುವುದು ಅನ್ಯಾಯ ಅಲ್ಲ, ಕೋಪ. ಮುಂದೆ ನಮ್ಮ ಬಗ್ಗೆಯೂ ಹೀಗೇ ಮಾತಾಡುತ್ತಾನಾ ಅಂತ ಯೋಚಿಸುತ್ತಾರೆ. ನಾನೇ ಹಾಗೆ ಯೋಚಿಸಿ ಎಷ್ಟೋ ಹೆಸರಿನ ಮುಂದೆ ಗೆರೆ ಎಳೆದಿದ್ದೇನೆ. ಇವತ್ತು ಅದು ನೆನಪಾದರೆ ಕಸಿವಿಸಿಯಾಗುತ್ತೆ.

ಮನಸ್ಸು ಆಮೇಲೆ, ವಿಧಾನ ಮೊದಲು ಅಂತ ನಾನು ಮಾಡಿದ್ದ ತೀರ್ಮಾನ ಇಲ್ಲಿ ಮುಗ್ಗರಿಸಿತು. ಬರೀ ಉತ್ತರ ಬಾಯಿಪಾಠ ಮಾಡಿಸಿದರೆ ಆಗುತ್ತಿರಲಿಲ್ಲ. ಒಳಗೆ ಕುದಿಯುವುದು ಹೇಗಾದರೂ ಹೊರಗೆ ಬಂದೇ ಬರುತ್ತೆ.

ಜೇಮ್ಸ್ ಪೆನ್ನೆಬೇಕರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಇಬ್ಬರು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಕೆಲಸ ಕಳೆದುಕೊಂಡ 63 ಜನರ ಮೇಲೆ ಮಾಡಿದ್ದು. ಕೆಲವರಿಗೆ ದಿನಕ್ಕೆ 20 ನಿಮಿಷದಂತೆ ಐದು ದಿನ, ಕೆಲಸ ಹೋದದ್ದರ ಬಗ್ಗೆ ಮನಸ್ಸಿನಲ್ಲಿ ಇರುವುದನ್ನೆಲ್ಲ ಬರೆಯಲು ಹೇಳಿದರು. ಹಾಗೆ ಬರೆದವರಿಗೆ ಉಳಿದವರಿಗಿಂತ ಬೇಗ ಕೆಲಸ ಸಿಕ್ಕಿತು. ವಿಚಿತ್ರ ಅಂದರೆ, ಅವರು ಬೇರೆಯವರಿಗಿಂತ ಜಾಸ್ತಿ ಅರ್ಜಿ ಹಾಕಿರಲಿಲ್ಲ. ಚಿಕ್ಕ ಪ್ರಯೋಗ, ಎಲ್ಲರಿಗೂ ಹೀಗೇ ಆಗುತ್ತೆ ಅಂತ ಹೇಳಲಾಗದು. ಆದರೆ ಆ ನಾಲ್ಕು ನಿಮಿಷ ಕೇಳಿದ ಮೇಲೆ ನನಗೆ ಅದು ಅರ್ಥವಾಯಿತು. ಕೋಪ ಕಾಗದದ ಮೇಲೆ ಒಮ್ಮೆ ಇಳಿದರೆ ಸಂದರ್ಶನದಲ್ಲಿ ಇಳಿಯುವ ಅಗತ್ಯ ಇರಲ್ಲ.

ತಮ್ಮ ಒಲ್ಲದ ಮನಸ್ಸಿನಿಂದಲೇ ಒಂದು ಹಳೇ ನೋಟ್‌ಬುಕ್ ತೆಗೆದುಕೊಂಡು ಕೋಣೆಗೆ ಹೋದ. ಐದು ದಿನ ಬರೆದ. ನಾನು ಓದಲಿಲ್ಲ, ಅವನೂ ತೋರಿಸಲಿಲ್ಲ. ಆರನೇ ದಿನ ಮತ್ತೆ ಅದೇ ಪ್ರಶ್ನೆ ಕೇಳಿದೆ. “ಕಂಪನಿ ಎರಡು ಗೋದಾಮು ಸೇರಿಸಿ ಒಂದು ಮಾಡಿತು. ನಮ್ಮದು ಮುಚ್ಚಿತು, 15 ಜನ ಹೊರಗೆ ಬಂದ್ವಿ. ಒಂಬತ್ತು ವರ್ಷದಲ್ಲಿ ದಾಸ್ತಾನು ಲೆಕ್ಕ ಚೆನ್ನಾಗಿ ಕಲಿತೆ, ಅದನ್ನೇ ಮುಂದುವರಿಸಬೇಕು ಅಂತಿದೀನಿ.” 20 ಸೆಕೆಂಡ್ ಕೂಡ ಆಗಲಿಲ್ಲ. ಸುಮ್ಮನಾಗಿ ಮುಂದಿನ ಪ್ರಶ್ನೆಗೆ ಕಾದ.

ದಿನದ ಆಕಾರ

ಬೆಳಿಗ್ಗೆ ಹತ್ತಕ್ಕೆ ಏಳುವುದನ್ನು ಮನೆಯವರು ಸೋಮಾರಿತನ ಅಂದುಕೊಂಡಿದ್ದರು. ನನಗೆ ನೆನಪಾಗಿದ್ದು ಆಸ್ಟ್ರಿಯಾದ ಮಾರಿಯೆಂತಾಲ್ ಅನ್ನುವ ಹಳ್ಳಿ. ಅಲ್ಲಿನ ಬಟ್ಟೆ ಗಿರಣಿ ಮುಚ್ಚಿದ ಮೇಲೆ ಹೆಚ್ಚುಕಡಿಮೆ ಇಡೀ ಹಳ್ಳಿಗೆ ಕೆಲಸವಿಲ್ಲದಂತಾಯಿತು. ಮಾರಿ ಯಹೋಡಾ ಮತ್ತು ಸಂಗಡಿಗರು 1930ರ ದಶಕದ ಶುರುವಿನಲ್ಲಿ ಅಲ್ಲಿಗೆ ಹೋಗಿ ಜನರ ಬದುಕನ್ನು ಗಮನಿಸಿದರು. ಜನರಿಗೆ ಈಗ ಎಷ್ಟು ಬೇಕಾದರೂ ಬಿಡುವು. ಆದರೆ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಯಿತು, ಅದೂ ಶುಲ್ಕ ತೆಗೆದುಹಾಕಿದ ಮೇಲೆ. ಗಂಡಸರು ಬೀದಿಯಲ್ಲಿ ನಿಧಾನವಾಗಿ ನಡೆಯತೊಡಗಿದರು, ಅಲ್ಲಲ್ಲಿ ನಿಲ್ಲುತ್ತಾ. ಕೆಲಸ ಸಂಬಳ ಮಾತ್ರ ಕೊಡಲ್ಲ, ದಿನಕ್ಕೊಂದು ಆಕಾರವನ್ನೂ ಕೊಡುತ್ತೆ. ಅದು ಹೋದರೆ ಸಮಯ ಇದ್ದೂ ಕೈಗೆ ಸಿಗಲ್ಲ.

ಹಾಗಾಗಿ ತಮ್ಮನ ದಿನಕ್ಕೆ ಒಂದು ಶುರು, ಒಂದು ಕೊನೆ ಇಟ್ಟೆವು. ಬೆಳಿಗ್ಗೆ ಒಂಬತ್ತರಿಂದ ಒಂದರ ತನಕ ಹುಡುಕಾಟ. ಆಮೇಲೆ ಲ್ಯಾಪ್‌ಟಾಪ್ ಮುಚ್ಚುವುದು. ಮುಚ್ಚುವುದೇ ಅವನಿಗೆ ಕಷ್ಟವಾದದ್ದು. ದಿನವಿಡೀ ಅರ್ಧ ಮನಸ್ಸಿನಿಂದ ಫೋನು ನೋಡುತ್ತಾ ಕೂರುವವನಿಗೆ, ಅತ್ತ ಹುಡುಕಾಟವೂ ಆಗಲ್ಲ, ಇತ್ತ ವಿಶ್ರಾಂತಿಯೂ ಸಿಗಲ್ಲ. ಮಧ್ಯಾಹ್ನ ಪಕ್ಕದ ಮನೆಯ ಹುಡುಗನಿಗೆ ಗಣಿತ ಹೇಳಿಕೊಡತೊಡಗಿದ. ಅದು ನನ್ನ ಸಲಹೆಯಲ್ಲ, ಅವನೇ ಶುರು ಮಾಡಿದ್ದು. ದಿನಕ್ಕೆ ಒಮ್ಮೆಯಾದರೂ ‘ನನಗೆ ಇದು ಬರುತ್ತೆ’ ಅನ್ನಿಸುವ ಗಂಟೆ ಅದೊಂದೇ ಅಂತ ಆಮೇಲೆ ಹೇಳಿದ.

ಗುರುವಾರ ಸಂಜೆ ಇನ್ನೊಂದು ಏರ್ಪಾಡು. ಜೊತೆಗೆ ಕೆಲಸ ಕಳೆದುಕೊಂಡವರಲ್ಲಿ ಇಬ್ಬರನ್ನು ಸೇರಿಸಿಕೊಂಡು ಗ್ರೂಪ್ ಕಾಲ್. ನಿಯಮ ಎರಡೇ. ಹಳೇ ಕಂಪನಿಯ ಮಾತು ಮೊದಲ ಐದು ನಿಮಿಷ ಮಾತ್ರ. ಕಾಲ್ ಮುಗಿಯುವ ಮುಂಚೆ ಪ್ರತಿಯೊಬ್ಬರೂ ಬೇರೆಯವರಿಗೆ ಹೊಂದುವ ಒಂದು ಹುದ್ದೆ ಅಥವಾ ಒಂದು ಹೆಸರು ಕೊಡಬೇಕು. ಇದೂ ಹೊಸ ವಿಚಾರವಲ್ಲ. 1975ರಲ್ಲೇ ನೇಥನ್ ಅಜ್ರಿನ್ ಮತ್ತು ಸಂಗಡಿಗರು ಕೆಲಸ ಹುಡುಕುವವರ ಗುಂಪು ಮಾಡಿ ನೋಡಿದ್ದರು. ಒಬ್ಬೊಬ್ಬರೇ ಹುಡುಕಿದವರಿಗಿಂತ ಗುಂಪಿನವರಿಗೆ ಬೇಗ ಕೆಲಸ ಸಿಕ್ಕಿತ್ತು.

ಇಷ್ಟೆಲ್ಲ ಆದರೂ ಆರನೇ ತಿಂಗಳಲ್ಲಿ ಅವನು ಒಮ್ಮೆ ಪೂರ್ತಿ ಕುಸಿದ. ಎರಡು ಸುತ್ತು ಸಂದರ್ಶನ ಮುಗಿದು, ಸಂಬಳದ ಮಾತೂ ಆಗಿ, ಕೊನೆಗೆ ಆ ಹುದ್ದೆಯನ್ನೇ ರದ್ದು ಮಾಡಿದೆವು ಅಂದರು. ಅದರಲ್ಲಿ ಅವನ ತಪ್ಪು ಒಂದಿಷ್ಟೂ ಇರಲಿಲ್ಲ. ಅದನ್ನು ಹೇಳಿದರೆ ಸಮಾಧಾನವೂ ಆಗಲಿಲ್ಲ. ಒಂದು ವಾರ ಏನೂ ಮಾಡಲಿಲ್ಲ, ನಾನೂ ಏನೂ ಹೇಳಲಿಲ್ಲ. ಗುರುವಾರದ ಕಾಲ್‌ಗೂ ಬರಲಿಲ್ಲ. ಅವತ್ತು ಉಳಿದಿಬ್ಬರಲ್ಲಿ ಒಬ್ಬರು, ಇವನಿಗಿಂತ ದೊಡ್ಡವರು, 52 ವರ್ಷದವರು, ಇವನಿಗೆ ನೇರ ಫೋನು ಮಾಡಿ “ನನ್ನ ರೆಸ್ಯೂಮೆ ಯಾರು ನೋಡ್ತಾರಪ್ಪಾ?” ಅಂದರಂತೆ. ಎದ್ದು ಕೂತ.

ಕೆಲಸ ಸಿಕ್ಕಿದ್ದು

ಲಾರಿ ಸಾಗಣೆಯವರಿಗೆ ಬರೆದ ಮೆಸೇಜ್ ನೆನಪಿದೆಯಾ? ಅವರು ಆಗಲೇ ಮೂರು ಗೋದಾಮುಗಳ ಹೆಸರು ಹೇಳಿದ್ದರು. ಅದರಲ್ಲಿ ಒಂದು ಔಷಧಿ ಮತ್ತು ವೈದ್ಯಕೀಯ ಸಾಮಗ್ರಿಯದ್ದು. “ಅಲ್ಲಿ ನಮ್ಮ ಗಾಡಿ ಯಾವಾಗ್ಲೂ ಮೂರು ಗಂಟೆ ನಿಲ್ಲುತ್ತೆ, ಒಳಗೆ ಏನಿದೆ ಅಂತ ಅವರಿಗೇ ಗೊತ್ತಿರಲ್ಲ” ಅಂದಿದ್ದರು. ಆಗ ಅಲ್ಲಿ ಖಾಲಿ ಹುದ್ದೆ ಇರಲಿಲ್ಲ. ತಮ್ಮ ಅಲ್ಲಿನ ಮ್ಯಾನೇಜರಿಗೆ ನಾಲ್ಕು ಸಾಲು ಬರೆದು ಬಿಟ್ಟಿದ್ದ. ಎರಡೂವರೆ ತಿಂಗಳ ನಂತರ ಅವರೇ ಫೋನು ಮಾಡಿದರು. ಜಾಹೀರಾತು ಇನ್ನೂ ಹೊರಬಿದ್ದಿರಲಿಲ್ಲ.

ಸಂದರ್ಶನದಲ್ಲಿ ಒಂದು ಶೀಟು ಕೊಟ್ಟು, ಲೆಕ್ಕ ತಾಳೆಯಾಗದ 40 ಸಾಲು ತೋರಿಸಿ, ಎಲ್ಲಿಂದ ಶುರು ಮಾಡ್ತೀರಿ ಅಂದರು. ಇವನು ದಿನವಹಿ ಎಣಿಕೆಯ ಕತೆ ಹೇಳಿದ. ಏನಾಗಿತ್ತು, ಏನು ಮಾಡಿದೆವು, ಏನಾಯಿತು. ಆಮೇಲೆ ತಾನಾಗಿಯೇ ಒಂದು ಮಾತು ಸೇರಿಸಿದ. “ಬಿಡಿಭಾಗದಲ್ಲಿ ಮೊದಲು ಬಂದದ್ದು ಮೊದಲು ಹೊರಗೆ. ಇಲ್ಲಿ ಅವಧಿ ಮೊದಲು ಮುಗಿಯುವುದು ಮೊದಲು ಹೊರಗೆ ಹೋಗಬೇಕು. ಅದನ್ನ ನಾನು ಮಾಡಿಲ್ಲ, ಓದಿದ್ದೀನಿ ಅಷ್ಟೆ.” ಆ ಮ್ಯಾನೇಜರ್ ಆಮೇಲೆ ಹೇಳಿದರಂತೆ, ಬಂದ ಐದು ಜನರಲ್ಲಿ ಬರಲ್ಲ ಅಂತ ಹೇಳಿದವನು ನೀನೊಬ್ಬನೇ.

ಏಳೂವರೆ ತಿಂಗಳಾಗಿತ್ತು. ಸಂಬಳ ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ, ಓಡಾಟ ಜಾಸ್ತಿ. ಆರು ತಿಂಗಳ ಮೇಲೆ ಸಂಬಳ ಮತ್ತೆ ನೋಡುತ್ತೇವೆ ಅನ್ನುವುದನ್ನು ಆಫರ್ ಪತ್ರದಲ್ಲಿ ಬರೆಸಿಕೊಂಡ. ಬಾಯಿಮಾತಿನ ಬೆಲೆ ಅವನಿಗೆ ಗೊತ್ತಿತ್ತಲ್ಲ.

ಇದರಲ್ಲಿ ಯಾವುದು ಕೆಲಸ ಮಾಡಿತು? ರೆಸ್ಯೂಮೆಯಿಂದ ಫೋನುಗಳು ಹೆಚ್ಚಾದದ್ದು ಶೀಟಿನಲ್ಲಿ ಕಾಣುತ್ತೆ. ಬಣ್ಣ ಹಚ್ಚಿದ ಮೇಲಿನ ಮೂರೂವರೆ ತಿಂಗಳಲ್ಲಿ ಹಾಕಿದ್ದು 78 ಅರ್ಜಿ, ಬಂದದ್ದು 11 ಫೋನು, 5 ಸಂದರ್ಶನ. ಆದರೆ ಕೊನೆಗೆ ಸಿಕ್ಕ ಕೆಲಸ ಆ 78ರಲ್ಲಿ ಇಲ್ಲವೇ ಇಲ್ಲ. ಒಂದು ಮೆಸೇಜಿನಿಂದ ಬಂದದ್ದು. ಆ ಮೆಸೇಜ್ ಕಳಿಸಿದ ವಾರ ಅವನು ಇನ್ನೂ ನಾಲ್ಕು ನಿಮಿಷದ ಉತ್ತರ ಕೊಡುತ್ತಿದ್ದ. ಆ ಮ್ಯಾನೇಜರ್ ಅದೇ ವಾರ ಫೋನು ಮಾಡಿದ್ದರೆ ಏನಾಗುತ್ತಿತ್ತೋ.

ಕೆಲಸಕ್ಕೆ ಸೇರಿ ಎರಡು ತಿಂಗಳಾದ ಮೇಲೆ ಹಳೇ ಶೀಟಿನ 71ನೇ ಸಾಲಿನ ಕಂಪನಿಯಿಂದ ಮೇಲ್ ಬಂತು. ‘ನಿಮ್ಮ ಅರ್ಜಿಯನ್ನು ಈ ಬಾರಿ ಪರಿಗಣಿಸಲಾಗಿಲ್ಲ.’ ಅವನು ಶೀಟು ತೆರೆದು ಆ ಸಾಲಿನ ನಾಲ್ಕನೇ ಕಾಲಂ ತುಂಬಿ ನನಗೆ ಸ್ಕ್ರೀನ್‌ಶಾಟ್ ಕಳಿಸಿದ.

ಗುರುವಾರದ ಕಾಲ್ ನಿಂತಿಲ್ಲ. ಮೂವರಲ್ಲಿ ಇನ್ನೊಬ್ಬರಿಗೂ ಕೆಲಸವಾಯಿತು. 52 ವರ್ಷದವರು ಇನ್ನೂ ಹುಡುಕುತ್ತಿದ್ದಾರೆ. ತಮ್ಮ ಈಗ ಗೋದಾಮಿನ ಲೋಡಿಂಗ್ ಕಟ್ಟೆಯ ಮೇಲೆ ಕೂತು ಕಾಲ್‌ಗೆ ಸೇರುತ್ತಾನೆ. ಹಿಂದೆ ಲಾರಿ ರಿವರ್ಸ್ ತೆಗೆಯುವ ಸದ್ದು ಬರುತ್ತಿರುತ್ತೆ. ಕಳೆದ ವಾರ ಅವನು ಅವರಿಗೆ ಎರಡು ಹೆಸರು ಕೊಟ್ಟ.